ಪದಚರ್ಚೆ: ನೆಟ್‌ವರ್ಕಿಂಗ್ ತರಗತಿಯ ಬೋರ್ಡಿಗೆ ‘ಜಾಲ’ವೋ ‘ಬಲೆ’ಯೋ? ನಾಳೆ ಸಂಜೆಯೊಳಗೆ ಬೇಕು

ಕಾರವಾರದಿಂದ:

ಎಲ್ಲರಿಗೂ ನಮಸ್ಕಾರ. ಮೀನು ಮಾರ್ಕೆಟ್ಟಿನಿಂದ ಸ್ವಲ್ಪ ಆಚೆ, ಕಿರಾಣಿ ಅಂಗಡಿಯೊಂದರ ಮಾಳಿಗೆಯಲ್ಲಿ ಕೋಣೆ ಹಿಡಿದು ಮೂರು ತಿಂಗಳ ಸಂಜೆ ತರಗತಿ ಶುರು ಮಾಡುತ್ತಿದ್ದೇವೆ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ನೆಟ್‌ವರ್ಕಿಂಗ್ ಕಲಿಸಿ ಐಟಿಯಲ್ಲಿ ಮೊದಲ ಕೆಲಸಕ್ಕೆ ತಯಾರು ಮಾಡಬೇಕು ಅಂತ. ಫ್ಲೆಕ್ಸ್‌ನವರಿಗೆ ನಾಳೆ ಸಂಜೆಯೊಳಗೆ ಮ್ಯಾಟರ್ ಕೊಡಬೇಕು.

‘ಜಾಲ ತರಬೇತಿ’ ಎಂದು ಬರೆದು ಕೆಳಗಿನ ಅಂಗಡಿಯವರಿಗೆ ತೋರಿಸಿದೆ. “ಪೇಪರಿನಲ್ಲಿ ಬರ್ತದಲ್ಲ, ಗಾಂಜಾ ಮಾರಾಟ ಜಾಲ ಪತ್ತೆ, ಆ ಜಾಲವಾ?” ಎಂದು ಕೇಳಿದರು. ‘ಬಲೆ ತರಬೇತಿ’ ಎಂದು ಹಾಕಿದರೆ ಈ ಊರಲ್ಲಿ ರಂಪಣಿ ಬಲೆ ಹೆಣೆಯುವ ಕ್ಲಾಸ್ ಎಂದುಕೊಳ್ಳುತ್ತಾರೆ. ಅದನ್ನು ಇಲ್ಲಿಯವರೇ ನನಗೆ ಕಲಿಸಬೇಕು.

ಪಾಠದ ಹಾಳೆಗೂ ನಾಲ್ಕು ಪದ ಬೇಕು: ರೌಟರ್, ಸ್ವಿಚ್, ಪೋರ್ಟ್, ಗೇಟ್‌ವೇ. ಚಂದಕ್ಕೆ ಕೇಳುತ್ತಿಲ್ಲ. ಮೊನ್ನೆ “ಸ್ವಿಚ್ ಎಲ್ಲಿದೆ ತೋರಿಸು” ಎಂದಾಗ ಮಾಜಾಳಿಯ ಹುಡುಗಿಯೊಬ್ಬಳು ಎದ್ದು ಹೋಗಿ ಗೋಡೆಯ ಮೇಲಿನ ಫ್ಯಾನ್ ಸ್ವಿಚ್ ಒತ್ತಿದಳು. ಅವಳದ್ದೇನು ತಪ್ಪು, ಅಲ್ವಾ?

ಹೊನ್ನಾವರದಿಂದ:

ಬಲೆಯೇ ಸರಿ. ತಮಿಳಿನ ವಲೈ, ಮಲಯಾಳದ ವಲ, ನಮ್ಮ ಬಲೆ. ವಿಲ್-ಬಿಲ್ಲು, ವೇರ್-ಬೇರು ಇದ್ದ ಹಾಗೆ. ತಮಿಳರು ವೆಬ್‌ಸೈಟಿಗೆ ವಲೈತ್ತಳಂ ಎನ್ನುತ್ತಾರೆ, ಅಲ್ಲಿ ಯಾರೂ ಮೀನು ಹಿಡಿಯಲು ಬರಲಿಲ್ಲ. ನಾವು ಮಾತ್ರ ಅಂತರ್ಜಾಲ, ಜಾಲತಾಣ ಎಂದು ಸಂಸ್ಕೃತದ ಜಗಲಿಯಲ್ಲೇ ಕೂತಿದ್ದೇವೆ. ರೌಟರಿಗೆ ‘ದಾರಿಗ’. ಮುಗಿಯಿತು.

ಶಿರಸಿಯಿಂದ:

ಎಲ್ಲಿ ಮುಗಿಯಿತು ಮಾಸ್ತರೇ? ದಾರಿಗ ಅಂದರೆ ದಾರಿ ನಡೆಯುವವ, ತೋರಿಸುವವ ಅಲ್ಲ. ರೌಟರ್ ಕೂತಲ್ಲೇ ಕೂತಿರುತ್ತದೆ. ನಡೆಯುವುದು ಪ್ಯಾಕೆಟ್, ಅಂದರೆ ಕಳಿಸುವ ಮಾಹಿತಿಯ ತುಂಡು. ನಿಮ್ಮ ಪದವನ್ನು ಪ್ಯಾಕೆಟ್ಟಿಗೆ ಕೊಡಿ, ಚೆನ್ನಾಗಿ ಹೊಂದುತ್ತದೆ.

ಗೇಟ್‌ವೇಗೆ ನನ್ನದೊಂದು ಪದ: ಉಣಗೋಲು. ನಮ್ಮ ಕಡೆ ಅಂಗಳ ದಾಟಿ ಹೊರಗೆ ಹೋಗಬೇಕಾದರೆ ಬಿದಿರಿನ ಗಳ ಸರಿಸಲೇಬೇಕು. ಕಂಪ್ಯೂಟರಿಗೂ ಹಾಗೆಯೇ. ಹೊರಗಿನ ವಿಳಾಸ ಬಂದರೆ ಅದಕ್ಕೆ ಗೊತ್ತಿರುವುದು ಅದೊಂದೇ ದಾರಿ.

ಹೊನ್ನಾವರದಿಂದ:

ಉಣಗೋಲು ಇರುವುದು ದನ ನುಗ್ಗದಂತೆ. ಅದು ಗೇಟ್‌ವೇ ಅಲ್ಲ, ಬೇಡದ್ದನ್ನು ಒಳಗೆ ಬಿಡದ ಫೈರ್‌ವಾಲ್.

ಪೋರ್ಟ್ ಬಗ್ಗೆ ಹೇಳಿಬಿಡುತ್ತೇನೆ, ಯಾರಾದರೂ ‘ಬಂದರು’ ಎನ್ನುವ ಮೊದಲು. ಲ್ಯಾಟಿನ್ನಿನಲ್ಲಿ ಎರಡು ಪದ ಇವೆ. ಪೋರ್ಟುಸ್ ಅಂದರೆ ಬಂದರು, ಪೋರ್ಟಾ ಅಂದರೆ ಬಾಗಿಲು. ಕಂಪ್ಯೂಟರಿನದ್ದು, ಅಂದರೆ ಒಂದೊಂದು ಸೇವೆಯ ಮಾಹಿತಿ ಒಳಗೆ ಹೊರಗೆ ಹೋಗುವ ನಂಬರಿನ ಜಾಗ, ಬಾಗಿಲಿನ ಕಡೆಯದು. ಹಾಗಾಗಿ ಪೋರ್ಟ್ 80 ಅಂದರೆ ಎಂಬತ್ತನೆಯ ಬಾಗಿಲು, ಗೇಟ್‌ವೇ ಅಂದರೆ ಹೆಬ್ಬಾಗಿಲು. ಬಾಗಿಲು ಅಚ್ಚಗನ್ನಡ, ತಮಿಳಿನ ವಾಯಿಲ್‌ಗೂ ಇದೇ ಬುಡ.

ಶಿರಸಿಯಿಂದ:

ಪೋರ್ಟ್ ನಂಬರ್ 0ಯಿಂದ 65535ರ ತನಕ ಇವೆ. ಅಷ್ಟು ಬಾಗಿಲಿನ ಮನೆ ಕಟ್ಟುವವರು ಯಾರು, ರಾತ್ರಿ ಚಿಲಕ ಹಾಕುವವರು ಯಾರು?

ಬೆಂಗಳೂರಿನಿಂದ (ಊರು ಕುಮಟಾ):

ಇದೇ ಕೆಲಸದಲ್ಲಿ ಇರುವವನು, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಹುಡುಗರು ಬರೆಯಬೇಕಾದ ಸಿಸಿಎನ್‌ಎ (ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್) ಪರೀಕ್ಷೆ 120 ನಿಮಿಷದ್ದು, ಕನ್ನಡದಲ್ಲಿ ಇಲ್ಲ. ಇಂಟರ್‌ವ್ಯೂನಲ್ಲಿ “ಸ್ವಿಚ್ಚಿಗೂ ರೌಟರಿಗೂ ಏನು ವ್ಯತ್ಯಾಸ” ಎಂದು ಕೇಳಿದಾಗ ದಾರಿಗ, ಹೆಬ್ಬಾಗಿಲು ಎಂದರೆ ಮನೆಗೆ ಕಳಿಸುತ್ತಾರೆ. ಹೆಸರು ಹಾಗೇ ಇರಲಿ, ವಿವರಣೆ ಕನ್ನಡದಲ್ಲಿ ಇರಲಿ. ಸ್ವಿಚ್ ಒಂದೇ ಕೇರಿಯೊಳಗೆ ಹಂಚುತ್ತದೆ, ನೋಡುವುದು ಯಂತ್ರದ ಗುರುತಾದ 48 ಬಿಟ್‌ನ ಮ್ಯಾಕ್ ವಿಳಾಸ. ರೌಟರ್ ಕೇರಿಯಿಂದ ಕೇರಿಗೆ ದಾಟಿಸುತ್ತದೆ, ನೋಡುವುದು ಯಾವ ಕೇರಿ ಎಂದು ಹೇಳುವ ಐಪಿ ವಿಳಾಸ. ಇಷ್ಟು ಹೇಳಿದರೆ ಆ ಹುಡುಗಿ ಇನ್ನು ಫ್ಯಾನ್ ಹಾಕುವುದಿಲ್ಲ.

ಮೊದಲ ದಿನವೇ ಕೈಗೆ ಕೇಬಲ್ ಕೊಡಿ. ಸಿಪ್ಪೆ ಸುಲಿದು, ಎಂಟು ಎಳೆಯನ್ನು ಬೆರಳಲ್ಲಿ ನೀವಿ ನೇರ ಮಾಡಿ, ಸಾಲಾಗಿ ಹಿಡಿಯಬೇಕು: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿ ನಡುವೆ ನೀಲಿಯ ಜೋಡಿ ಕೂರುತ್ತದೆ, ಎಲ್ಲರೂ ತಪ್ಪುವುದು ಅಲ್ಲೇ. ಮಗ್ಗಿ ಥರ ಬಾಯಿಪಾಠ ಮಾಡಿಸಿ. ಇದಕ್ಕೆ ಯಾವ ಪದವನ್ನೂ ಹುಟ್ಟಿಸಬೇಕಾಗಿಲ್ಲ.

ಹೊನ್ನಾವರದಿಂದ:

ಇದೇ ಗುಲಾಮಗಿರಿ. ಇಂಗ್ಲಿಷಿನವರು ಏನು ಕೊಟ್ಟರೂ ಕಣ್ಣಿಗೆ ಒತ್ತಿಕೊಳ್ಳುವುದು.

ಅಂಕೋಲೆಯಿಂದ:

ಮಾಸ್ತರೇ, ಸಿಟ್ಟು ಮಾಡಬೇಡಿ. ನೀವು ಸರ್ವಿಸಿನಲ್ಲಿ ಇದ್ದಾಗ ತಿಂಗಳ ಕೊನೆಗೆ ತೆಗೆದುಕೊಂಡದ್ದು ಪಗಾರ, ಅದು ಪೋರ್ಚುಗೀಸರದ್ದು. ಅದನ್ನಿಟ್ಟ ಕಪಾಟಿನ ಚಾವಿ ಅವರದ್ದು. ಸಾಂಬಾರಿನ ಬಟಾಟೆಯೂ ಅವರದ್ದೇ. ಬಂದರು ಫಾರಸಿಯಿಂದ ಬಂದದ್ದು. ಕಾರವಾರದ ಬಂದರಿಗೆ ಏನು ಹೆಸರಿಡೋಣ ಹೇಳಿ.

ಹೊನ್ನಾವರದಿಂದ:

ಹಳೆಯ ಸಾಲ ಬೇರೆ, ಹೊಸ ಸಾಲ ಬೇರೆ.

ಶಿರಸಿಯಿಂದ:

ಎಷ್ಟು ವರ್ಷಕ್ಕೆ ಹಳೆಯದಾಗುತ್ತದೆ? ಸೊಸೈಟಿಯಲ್ಲಿ ಕೇಳಿ ಬರುತ್ತೇನೆ.

ಕಾರವಾರದಿಂದ:

ಎಲ್ಲರಿಗೂ ಉಪಕಾರ ಆಯ್ತು. ಬೋರ್ಡಿಗೆ ಬಲೆಯೂ ಬೇಡ, ಜಾಲವೂ ಬೇಡ ಎಂದು ತೀರ್ಮಾನ ಮಾಡಿದೆ. ರಸ್ತೆಯಲ್ಲಿ ಹೋಗುವವರು ಓದುವ ಬೋರ್ಡು. ಅಲ್ಲಿ ಹುಡುಗರ ಬಾಯಲ್ಲಿ ಇರುವ ಪದವೇ ಇರಬೇಕು. ‘ಕಂಪ್ಯೂಟರ್ ನೆಟ್‌ವರ್ಕಿಂಗ್ ಕಲಿಯಿರಿ, ಕೇಬಲ್ ಕಟ್ಟುವುದರಿಂದ ಸಿಸಿಎನ್‌ಎ ತನಕ’ ಎಂದು ಕೊಟ್ಟೆ. ಪಾಠದ ಹಾಳೆಯಲ್ಲಿ ಕೇರಿಯ ಹೋಲಿಕೆ ಇಟ್ಟುಕೊಂಡಿದ್ದೇನೆ. ಶಿರಸಿಯವರ ಉಣಗೋಲನ್ನು ಮಾಸ್ತರು ಹೇಳಿದಂತೆ ಫೈರ್‌ವಾಲ್ ಪಾಠಕ್ಕೆ ಹಾಕಿದೆ. ಇಬ್ಬರೂ ಬೇಸರ ಮಾಡಿಕೊಳ್ಳಬೇಡಿ, ಈ ಇಡೀ ಚರ್ಚೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಅದೇ.

ಒಂದೇ ಎಡವಟ್ಟು. ಫ್ಲೆಕ್ಸ್‌ನವರು ‘ಟ’ಕ್ಕೆ ವ ಒತ್ತು ಕೊಟ್ಟು ‘ನೆಟ್ವರ್ಕಿಂಗ್’ ಎಂದು ಪ್ರಿಂಟ್ ಹೊಡೆದಿದ್ದಾರೆ. ಹೀಗೆ ಬರೆದರೂ ನಡೆಯುತ್ತದಾ?

ಹೊನ್ನಾವರದಿಂದ:

ನಡೆಯುತ್ತದೆ ಅಲ್ಲ, ಅದೇ ಸರಿ. ಕನ್ನಡ ಬರಹದಲ್ಲಿ ನಡುವೆ ಅರೆ ಅಕ್ಷರ ಬಿಟ್ಟು ಬರೆಯುವ ಚಾಳಿಯೇ ತಪ್ಪು.

ಶಿರಸಿಯಿಂದ:

ಹಾಗಾದರೆ ಸಾಫ್ಟ್‌ವೇರನ್ನು ಸಾಫ್ಟ್ವೇರ್ ಎಂದು ಮೂರು ಅಂತಸ್ತು ಕಟ್ಟೋಣವಾ?

ಕಾರವಾರದಿಂದ:

ಫ್ಲೆಕ್ಸ್ ಕಟ್ಟಿ ಆಯ್ತು ಮಾಸ್ತರೇ.