ಆರ್‌ಎಕ್ಸ್ 100 ಪೋರ್ಟಿಂಗ್ ಮನೆಯಲ್ಲೇ: ಎಷ್ಟು ಉಜ್ಜಬೇಕು, ಎಲ್ಲಿ ಕೈ ಹಚ್ಚಬಾರದು

ಪ್ರಶ್ನೆ (ಹಡಪ್ಸರ್, ಪುಣೆ):
ಅಣ್ಣಾರ ನಮಸ್ಕಾರ. 1994ರ ಯಮಹಾ ಆರ್‌ಎಕ್ಸ್ 100 ಬೈಕ್ ಐತಿ. ಬೋರ್ (ಸಿಲಿಂಡರ್ ಒಳಗೋಡೆ) ಸವದೈತಿ, ಓವರ್‌ಸೈಜ್ ಪಿಸ್ಟನ್ ಹಾಕಸಾವ ಅದೀನಿ. ಹೆಂಗೂ ಬಿಚ್ಚತೀನಲ್ಲ, ಮನ್ಯಾಗ ಪೋರ್ಟಿಂಗೂ (ಸಿಲಿಂಡರ್ ಗೋಡೆಯ ಕಿಟಕಿ, ಅಂದ್ರ ಪೋರ್ಟ್, ಉಜ್ಜೋದು) ಮಾಡ್ಕೊಂಡ್ರ ಹೆಂಗ? ರೇಸಿಗಲ್ಲ. ಊರಾಗ ಓಡಸಾಕ, ಕಾತ್ರಜ್ ಘಾಟ್ ಏರುವಾಗ ಉಸಿರು ಬಿಡಬಾರದು, ಅಷ್ಟ. ಸೈಲೆನ್ಸರ್ ಕಂಪನೀದ. ಒಬ್ರು "ಎಕ್ಸಾಸ್ಟ್ 2 ಎಂಎಂ ಎತ್ತಿಬಿಡು, ಹಾರತೈತಿ" ಅಂದ್ರು.

ಉತ್ತರ (ಎಂಜಿನ್ ಕೆಲಸದವರು, ಪುಣೆ):
ಆ 2 ಎಂಎಂ ಮಾತು ಬಿಡಿ. ನಿಮ್ಮ ಗಾಡಿಯ ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 50 ಎಂಎಂ. ಎಕ್ಸಾಸ್ಟ್ (ಹೊಗೆ ಹೊರಹೋಗುವ ಕಿಟಕಿ) ತೆರೆಯುವಾಗ ಕ್ರ್ಯಾಂಕ್, ಟಿಡಿಸಿಯಿಂದ (ಪಿಸ್ಟನ್ ತೀರಾ ಮೇಲಿರುವ ಜಾಗ) ಹೆಚ್ಚುಕಡಿಮೆ 90 ಡಿಗ್ರಿಯಲ್ಲಿರುತ್ತೆ. ಅಲ್ಲಿ 1 ಎಂಎಂ ಎತ್ತಿದರೆ ತೆರೆಯುವಾಗ 2.3, ಮುಚ್ಚುವಾಗ 2.3, ಒಟ್ಟು 4.6 ಡಿಗ್ರಿ ಏರುತ್ತೆ. 2 ಎಂಎಂ ಅಂದರೆ 9 ಡಿಗ್ರಿಗೂ ಮೇಲೆ. ಎಕ್ಸಾಸ್ಟ್ ಮುಚ್ಚಿದ ಮೇಲೇ ನಿಜವಾದ ಕಂಪ್ರೆಷನ್ ಶುರು, ಹಾಗಾಗಿ ಕೆಳಗಿನ ಪಿಕಪ್ ಸಾಯುತ್ತೆ. ಎಂಜಿನ್ ಎತ್ತರದ ಆರ್‌ಪಿಎಂ ಕೇಳುತ್ತೆ, ಆದರೆ ಕಂಪನಿ ಸೈಲೆನ್ಸರ್ ಇರೋದು 7,500ರ ಸುತ್ತ ಕೆಲಸ ಮಾಡೋಕೆ. ಘಾಟಿನಲ್ಲಿ ನಿಮಗೆ ಬೇಕಿರೋದು ಇದರ ತದ್ವಿರುದ್ಧ.

ಮೊದಲು ಅಳತೆ. ಹೆಡ್ ಬಿಚ್ಚುವ ಮುಂಚೆ ಮ್ಯಾಗ್ನೆಟ್ ನಟ್ಟಿಗೆ ಡಿಗ್ರಿ ಚಕ್ರ ಕೂರಿಸಿ. ಹಳೇ ಸಿಡಿ ಮೇಲೆ ಅಂಟಿಸಿದ ಕೋನಮಾಪಕದ ಪ್ರಿಂಟ್ ಸಾಕು. ಪ್ಲಗ್ ತೂತಿನಲ್ಲಿ ಪಿಸ್ಟನ್ ತಡೆಯುವ ಬೋಲ್ಟ್ ಹಾಕಿ, ಎರಡೂ ಕಡೆಯಿಂದ ತಿರುಗಿಸಿ, ನಡುವಿನ ಗುರುತೇ ಟಿಡಿಸಿ. ಕಣ್ಣಂದಾಜಿನ ಟಿಡಿಸಿ ನಂಬಬೇಡಿ, ಅಲ್ಲಿ ಪಿಸ್ಟನ್ ಕೆಲವು ಡಿಗ್ರಿ ಅಲುಗಾಡೋದೇ ಇಲ್ಲ. ಆಮೇಲೆ ಬೋಲ್ಟ್ ತೆಗೆದು, ಹೆಡ್ ಬಿಚ್ಚಿ, ಬ್ಯಾರೆಲ್ (ಸಿಲಿಂಡರ್) ಮೇಲೇಳದಂತೆ ಬಿಗಿಮಾಡಿ, ಪಿಸ್ಟನ್ ಅಂಚು ಪ್ರತಿ ಪೋರ್ಟ್ ಬಿಚ್ಚುವ ಡಿಗ್ರಿ ಬರೆದುಕೊಳ್ಳಿ. ಅದರ ಎರಡು ಪಟ್ಟನ್ನು 360ರಿಂದ ಕಳೆದರೆ ಅವಧಿ. ಎಕ್ಸಾಸ್ಟ್ 90ಕ್ಕೆ ತೆರೆದರೆ 180. ಟ್ರಾನ್ಸ್‌ಫರ್ (ಹೊಸ ಮಿಶ್ರಣ ಸಿಲಿಂಡರಿಗೆ ಬರುವ ಕಿಟಕಿ) 119ಕ್ಕೆ ತೆರೆದರೆ 122. ನಡುವಿನ 29 ಡಿಗ್ರಿಯೇ ಬ್ಲೋಡೌನ್, ಅಂದರೆ ಹೊಸ ಮಿಶ್ರಣ ಬರುವ ಮುಂಚೆ ಹೊಗೆ ಹೊರಹೋಗಲು ಸಿಗುವ ಅವಕಾಶ. ರಸ್ತೆ ಗಾಡಿಗೆ ಇದರ ಆಸುಪಾಸು ಇದ್ದರೆ ಎತ್ತರ ಮುಟ್ಟಲೇಬೇಡಿ. ಎಕ್ಸಾಸ್ಟ್ ಅವಧಿ 190 ದಾಟಿಸುವುದು ಎಕ್ಸ್‌ಪಾನ್ಷನ್ ಚೇಂಬರ್ (ರೇಸ್ ಸೈಲೆನ್ಸರ್) ಕಟ್ಟಿಸುವವರ ಬಾಬತ್ತು.

ಬ್ಯಾರೆಲ್ ಕೆಳಗಿಳಿದ ಮೇಲೆ ಒಳಗೆ ಕಾಗದ ಸುತ್ತಿ ಪೆನ್ಸಿಲ್‌ನಿಂದ ಉಜ್ಜಿ ಪೋರ್ಟ್‌ಗಳ ನಕ್ಷೆ ತೆಗೆದಿಡಿ. ಕೆಲಸ ಕೆಟ್ಟರೆ ಮುಂದಿನವರಿಗೆ ಮೂಲ ಎಲ್ಲಿತ್ತು ಅಂತ ತಿಳಿಯೋದು ಅದರಿಂದಲೇ.

ಈಗ ಕೈ ಹಚ್ಚಬೇಕಾದ್ದು. ಎರಕದ ಕಬ್ಬಿಣದ ಸ್ಲೀವ್‌ನ (ಬ್ಯಾರೆಲ್ ಒಳಕೊಳವೆ) ಕಿಟಕಿಗೂ ಹೊರಗಿನ ಅಲ್ಯೂಮಿನಿಯಂ ದಾರಿಗೂ ನಡುವೆ ಮೆಟ್ಟಿಲು ಇರುತ್ತೆ. ಅದನ್ನು ಸಮ ಮಾಡಿ. ಕ್ರ್ಯಾಂಕ್‌ಕೇಸ್ ಬಾಯಿ, ಬೇಸ್ ಗ್ಯಾಸ್ಕೆಟ್, ಬ್ಯಾರೆಲ್ ತಳ ಮೂರೂ ಟ್ರಾನ್ಸ್‌ಫರ್ ದಾರಿಯಲ್ಲಿ ಒಂದೇ ಗೆರೆಗೆ ಬರಲಿ. ಒಳಕ್ಕೆ ಚಾಚಿದ ಗ್ಯಾಸ್ಕೆಟ್ ಕತ್ತರಿಸಿ. ಕೇಸ್ ಬಾಯಿ ಉಜ್ಜುವಾಗ ಕ್ರ್ಯಾಂಕ್ ಮೇಲೆ ಬಟ್ಟೆ ತುರುಕಿರಿ, ಒಂದು ಚೂರು ಬಿದ್ದರೂ ಬೇರಿಂಗ್ ಹೋಯ್ತು. ಎಕ್ಸಾಸ್ಟ್ ಬಾಯಿಗಿಂತ ಸೈಲೆನ್ಸರ್ ಗ್ಯಾಸ್ಕೆಟ್ ಕಿರಿದಾಗಿದ್ದರೆ ಅದನ್ನೂ ಸರಿಮಾಡಿ. ಘಾಟಿನ ಪಿಕಪ್‌ಗೆ ಅರ್ಧ ಫಲ ಇಷ್ಟರಲ್ಲೇ ಇದೆ.

ಇನ್ನೂ ಬೇಕೆಂದರೆ ಎಕ್ಸಾಸ್ಟ್ ಅಗಲ, ಎತ್ತರವಲ್ಲ. ಬೋರಿನ ಅಡ್ಡಳತೆ 50 ಎಂಎಂ. ನೇರ ಅಳತೆಯಲ್ಲಿ ಅದರ ಶೇಕಡಾ 65, ಅಂದರೆ 32.5 ಎಂಎಂ ದಾಟಬೇಡಿ. ದಾಟಿದರೆ ರಿಂಗ್ ಕಿಟಕಿಯೊಳಕ್ಕೆ ಉಬ್ಬಿ ಅಂಚಿಗೆ ಸಿಕ್ಕಿ ಮುರಿಯುತ್ತೆ. ಮೂಲೆಗಳು ಚೌಕವಾಗದೆ ಗುಂಡಗಿರಲಿ, ಛಾವಣಿ ಸ್ವಲ್ಪ ಕಮಾನಿನಂತಿರಲಿ. ಯಾವ ಪೋರ್ಟ್ ಅಗಲಿಸುವ ಮುಂಚೆಯೂ ಪಿಸ್ಟನ್ನಿನ ರಿಂಗ್ ಪಿನ್ (ರಿಂಗ್ ತಿರುಗದಂತೆ ತಡೆಯುವುದು) ಎಲ್ಲಿದೆ ನೋಡಿ. ರಿಂಗಿನ ತುದಿ ಓಡುವ ದಾರಿಗೆ ಕಿಟಕಿ ಬಂದರೆ ಆ ಎಂಜಿನ್ ಬಾಳಲ್ಲ.

ಟ್ರಾನ್ಸ್‌ಫರ್ ಕಿಟಕಿಯ ಛಾವಣಿ, ಅದು ಮುಖ ಮಾಡಿದ ದಿಕ್ಕು, ಎರಡನ್ನೂ ಬಿಟ್ಟುಬಿಡಿ. ಅಲ್ಲಿ 1 ಎಂಎಂ ಅಂದರೆ ಸುಮಾರು 6 ಡಿಗ್ರಿ. ಎಡಬಲ ಒಂದೇ ಸಮ ಬರದಿದ್ದರೆ ಹೊಸ ಚಾರ್ಜ್ (ಗಾಳಿ-ಪೆಟ್ರೋಲ್ ಮಿಶ್ರಣ) ಒಂದು ಪಕ್ಕಕ್ಕೆ ವಾಲಿ ಎಕ್ಸಾಸ್ಟ್‌ಗೆ ಹರಿಯುತ್ತೆ. ಕೈಗ್ರೈಂಡರ್ ನೇರವಾಗಿ ಹೋಗದ ಜಾಗ ಅದು.

ಉಪಕರಣ: ಟಂಗ್‌ಸ್ಟನ್ ಕಾರ್ಬೈಡ್ ಬರ್, ಕಬ್ಬಿಣಕ್ಕೆ ಸಣ್ಣ ಹಲ್ಲಿನದು, ಅಲ್ಯೂಮಿನಿಯಂಗೆ ದೊಡ್ಡ ಹಲ್ಲಿನದು. ಅಲ್ಯೂಮಿನಿಯಂ ಹಲ್ಲಿಗೆ ಮೆತ್ತಿಕೊಳ್ಳದಂತೆ ಸೀಮೆಎಣ್ಣೆ ಹಚ್ಚುತ್ತಿರಿ. ಇಂಟೇಕ್, ಟ್ರಾನ್ಸ್‌ಫರ್ ದಾರಿಗೆ 120ರ ಎಮರಿ ಸಾಕು. ಎಕ್ಸಾಸ್ಟ್ ನುಣುಪಾದಷ್ಟೂ ಮಸಿ ಕಮ್ಮಿ ಹಿಡಿಯುತ್ತೆ.

ಪೋರ್ಟಿಂಗ್ ಮುಗಿದ ಮೇಲೆಯೇ ಬೋರಿಂಗ್‌ಗೆ ಕೊಡಿ. ಬರ್ ಜಾರಿ ಗೋಡೆಗೆ ಸಣ್ಣ ಗೆರೆ ಬಿದ್ದಿದ್ದರೂ ಬೋರಿಂಗ್‌ನಲ್ಲಿ ಹೋಗುತ್ತೆ. ಬೋರ್ ಆಗಿ ಬಂದಮೇಲೆ ಎಲ್ಲ ಪೋರ್ಟ್ ಅಂಚುಗಳನ್ನೂ 0.5 ಎಂಎಂನಷ್ಟು ಇಳಿಜಾರು ಮಾಡಿ. ಹೆಚ್ಚಿನವರು ಮರೆಯೋದು ಇದನ್ನೇ, ರಿಂಗ್ ಚೂರಾಗೋದೂ ಇದರಿಂದಲೇ. ಕೊನೆಗೆ ಬಿಸಿನೀರು, ಬಟ್ಟೆ ಸೋಪಿನಲ್ಲಿ ತೊಳೆಯಿರಿ. ಬಿಳಿ ಬಟ್ಟೆ ಒಳಗೆ ಒರೆಸಿದರೆ ಬಿಳಿಯಾಗೇ ಬರಬೇಕು. ತಕ್ಷಣ 2ಟಿ ಆಯಿಲ್ ಸವರಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಸಂಜೆಯೊಳಗೆ ತುಕ್ಕು.

ಪ್ರಶ್ನೆ (ಡೊಂಬಿವಿಲಿ):
ಸರ್, ನನ್ನದು ಆಗಲೇ ಒಂದು ಗ್ಯಾರೇಜಲ್ಲಿ 2 ಎಂಎಂ ಎತ್ತಿಸಿ ಆಗಿದೆ. ಸಿಗ್ನಲ್‌ನಲ್ಲಿ ಆಟೋನೂ ಮುಂದೆ ಹೋಗುತ್ತೆ. ಬ್ಯಾರೆಲ್ ತಳ ಕೆರೆಸಿ ಇಳಿಸಿದರೆ ಸರಿಹೋಗುತ್ತಾ?

ಉತ್ತರ:
ಅರ್ಧ ಸರಿಹೋಗುತ್ತೆ. ತಳ 1 ಎಂಎಂ ಲೇತ್‌ನಲ್ಲಿ ತೆಗೆದರೆ ಎಕ್ಸಾಸ್ಟ್ 4.6 ಡಿಗ್ರಿ ಇಳಿಯುತ್ತೆ, ಜೊತೆಗೆ ಟ್ರಾನ್ಸ್‌ಫರ್ ಕೂಡ 6 ಡಿಗ್ರಿ ಇಳಿಯುತ್ತೆ. ಮೂಲ ಅಳತೆ ಮರಳಿ ಬರಲ್ಲ. ಪಿಸ್ಟನ್ ಕೂಡ 1 ಎಂಎಂ ಮೇಲೆ ಬರುತ್ತೆ; ಹೆಡ್ ಅಷ್ಟೇ ಒಳಗೆ ಕೊರೆಸದಿದ್ದರೆ ಬಡಿಯುತ್ತೆ. ಜೋಡಿಸುವಾಗ ಪಿಸ್ಟನ್ ಮೇಲೆ ಗಜನ್ ಪಿನ್ನಿನ (ಪಿಸ್ಟನ್ ಅನ್ನು ರಾಡಿಗೆ ಜೋಡಿಸುವ ಪಿನ್) ಗೆರೆಯಲ್ಲಿ ಎರಡೂ ಪಕ್ಕ ಸೋಲ್ಡರ್ ತಂತಿ ಇಟ್ಟು, ಎಂಜಿನ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿ ಅಳೆಯಿರಿ. ಅದೇ ಪಿಸ್ಟನ್-ಹೆಡ್ ನಡುವಿನ ಅಂತರ, 0.9ರಿಂದ 1 ಎಂಎಂ ಇರಲಿ. ಇದೆಲ್ಲದರ ಖರ್ಚು ಹೊಸ ಸ್ಲೀವ್‌ನ ಖರ್ಚಿಗೆ ಹತ್ತಿರ ಬಂದರೆ ಸ್ಲೀವ್ ಹಾಕಿಸೋದೇ ಮೇಲು.

ಪ್ರಶ್ನೆ (ಪಿಂಪ್ರಿ):
ಅಣ್ಣ, ಪೋರ್ಟಿಂಗ್ ಆದ್ಮೇಲೆ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬರೋ ತೂತು) ಬದಲಿಸ್ಲೇಬೇಕಾ? ಈಗ ಪೆಟ್ರೋಲ್ ಬೇರೆ ಇ20 (ಶೇಕಡಾ 20 ಎಥನಾಲ್ ಬೆರೆಸಿದ್ದು). ತಿಂಗಳಿಗೊಮ್ಮೆ ಗಾಡಿ ಮೇಲೆ ಮುಂಬೈಗೆ ಹೋಗ್ತೀನಿ.

ಉತ್ತರ:
ಬದಲಿಸಲೇಬೇಕು. ಗಾಳಿ ಹೆಚ್ಚು ಎಳೆಯುವ ಎಂಜಿನ್‌ಗೆ ಹಳೇ ಜೆಟ್ ಸಾಲಲ್ಲ, ಇ20 ಮಿಶ್ರಣವನ್ನು ಇನ್ನಷ್ಟು ಲೀನ್ (ಗಾಳಿಗೆ ಪೆಟ್ರೋಲ್ ಕಮ್ಮಿ) ಮಾಡುತ್ತೆ. ಮೇನ್ ಜೆಟ್ ಎರಡು ಸೈಜ್ ದೊಡ್ಡದು ಹಾಕಿ ಶುರುಮಾಡಿ, ಪ್ಲಗ್ ಬಣ್ಣ ನೋಡಿ ಇಳಿಸುತ್ತ ಬನ್ನಿ. ಫುಲ್ ಥ್ರಾಟಲ್‌ನಲ್ಲಿ ಎಳೆದು, ಕ್ಲಚ್ ಹಿಡಿದು ಅಲ್ಲೇ ಇಗ್ನಿಷನ್ ಆಫ್ ಮಾಡಿ ಪ್ಲಗ್ ಬಿಚ್ಚಿ. ಖಾಲಿ ರಸ್ತೆಯಲ್ಲಿ ಮಾತ್ರ. ಕಂದು ಸರಿ, ಬಿಳಿ ಅಪಾಯ.

ಮುಂಬೈ ವಿಷಯ ನೀವು ಕೇಳಿದ್ದು ಒಳ್ಳೇದಾಯ್ತು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಇಲ್ಲಿಗೆ ಸರಿಯಾಗಿ ಲೆಕ್ಕ ಹಾಕಿ ಆರಿಸಿದ ಜೆಟ್, ಖಂಡಾಲಾ ಘಾಟ್ ಇಳಿದು ಗಾಳಿ ದಟ್ಟವಾದಾಗ ಲೀನ್ ಆಗುತ್ತೆ. ಆದ್ದರಿಂದ ಪುಣೆಯಲ್ಲಿ ಒಂಚೂರು ರಿಚ್ (ಪೆಟ್ರೋಲ್ ಹೆಚ್ಚು) ಆಗೇ ಬಿಡಿ. ಘಾಟ್ ಇಳಿಯುವಾಗ ಥ್ರಾಟಲ್ ಮುಚ್ಚಿ ಎಂಜಿನ್ ಬ್ರೇಕ್ ಮೇಲೆ ಉದ್ದಕ್ಕೂ ಬರಬೇಡಿ. ಆಟೋಲೂಬ್ ಪಂಪ್ (ಎಂಜಿನ್‌ಗೆ ತಾನಾಗಿ ಆಯಿಲ್ ಕೊಡುವುದು) ಥ್ರಾಟಲ್ ಕೇಬಲ್‌ಗೂ ಕಟ್ಟಿಕೊಂಡಿದೆ, ಆರ್‌ಪಿಎಂ ಏರಿದ್ದರೂ ಆಯಿಲ್ ಕಮ್ಮಿ ಬರುತ್ತೆ. ಆಗಾಗ ಥ್ರಾಟಲ್ ಸ್ವಲ್ಪ ತೆರೆಯಿರಿ.

ಪಿಯುಸಿ (ಹೊಗೆ ತಪಾಸಣೆ) ಐಡಲ್‌ನಲ್ಲಿ ಅಳೆಯುತ್ತಾರೆ. 2000ಕ್ಕಿಂತ ಹಳೇ ಗಾಡಿಗೆ ಸಿಒ (ಕಾರ್ಬನ್ ಮೊನಾಕ್ಸೈಡ್) ಮಿತಿ ಶೇಕಡಾ 4.5, ಅಲ್ಲಿ ಮೇನ್ ಜೆಟ್ ಲೆಕ್ಕಕ್ಕೆ ಬರಲ್ಲ, ಪೈಲಟ್ ಸ್ಕ್ರೂ (ಐಡಲ್ ಮಿಶ್ರಣ ಹೊಂದಿಸುವುದು) ಸರಿಯಾಗಿರಬೇಕು. ಸೈಲೆನ್ಸರ್ ಮಾತ್ರ ಕಂಪನಿಯದೇ ಇರಲಿ, ಎರಡೂ ಊರಲ್ಲಿ ಪೊಲೀಸರು ಮೊದಲು ಹಿಡಿಯೋದು ಅದನ್ನೇ.