ಮಿಡತೆಯ ಕರುಳಿನ ಬಗ್ಗೆ ಸುಮಾ ಅತ್ತೆ ಕಳಿಸಿದ ಸಂದೇಶ

ಸುಮಾ ಅತ್ತೆ (ಫಾರ್ವರ್ಡ್): ಮರುಭೂಮಿ ಮಿಡತೆಗಳು ಹಿಂಡುಗಟ್ಟುವುದಕ್ಕೆ ಅವುಗಳ ಕರುಳಿನ ಬ್ಯಾಕ್ಟೀರಿಯಾಗಳೇ ಕಾರಣವೆಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಆಂಟಿಬಯೋಟಿಕ್ ಸಿಂಪಡಿಸಿದರೆ ಹಿಂಡುಗಳು ತಾವಾಗಿಯೇ ಚದುರುತ್ತವೆ. ಕೀಟನಾಶಕ ಮಾರುವವರು ಈ ಸತ್ಯವನ್ನು ಮುಚ್ಚಿಟ್ಟಿದ್ದಾರೆ. ಎಲ್ಲರಿಗೂ ತಲುಪಿಸಿ.

ಸುಮಾ ಅತ್ತೆ: ವಿಷ ಸುರಿದು ನೆಲ, ನೀರು ಕೆಡಿಸಬೇಕಾಗಿಯೇ ಇರಲಿಲ್ಲ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೆ.

ಅನುಪಮಾ: ಅತ್ತೆ, ಇದರ ಮೂಲ ಯಾವುದು? ಯಾರು, ಯಾವ ವರ್ಷ ಕಂಡುಹಿಡಿದರೆಂಬುದು ಸಂದೇಶದಲ್ಲಿ ಎಲ್ಲಿಯೂ ಇಲ್ಲ.

ಸುಮಾ ಅತ್ತೆ: ನಾನು ಏನು ಕಳಿಸಿದರೂ ನಿನ್ನ ಮೊದಲ ಪ್ರಶ್ನೆ ಇದೇ. ಇದನ್ನು ನನಗೆ ಕಳಿಸಿದವನು ಗಿರೀಶ. ಅವನನ್ನು ನೀನು ಒಮ್ಮೆಯಾದರೂ ಮೂಲ ಕೇಳಿದ್ದುಂಟೇ?

ಶ್ರೀನಿವಾಸ ದೊಡ್ಡಪ್ಪ: ಸಂದೇಶದ ತಿರುಳನ್ನು ಗಮನಿಸಿರಿ. ಮಿಡತೆಯಂಥ ಮಿಡತೆಯೂ ತನ್ನೊಳಗಿನ ಅಣುಜೀವಿಗಳಿಗೆ ಆಸರೆ ಕೊಟ್ಟು, ಅವುಗಳಿಂದ ಆಸರೆ ಪಡೆದು ಬದುಕುತ್ತದೆ. ಯಾವ ಜೀವಿಯೂ ಒಂಟಿಯಲ್ಲ. ಹೀಗಿರುವಾಗ ಒಂದೇ ಮನೆತನದವರಾದ ನಾವು ಕಾದಾಡುವುದು ತರವಲ್ಲ.

ಗಿರೀಶಣ್ಣ: ಚಿಕ್ಕವಳಿದ್ದಾಗ ಅನುಪಮಾ ಬೆಂಕಿಪೊಟ್ಟಣದಲ್ಲಿ ಮಿಡತೆ ಸಾಕಿದ್ದು ಯಾರಿಗಾದರೂ ನೆನಪಿದೆಯೇ? ಅದು ಅಂಗೈ ಮೇಲೆ ಕಂದು ರಸ ಕಕ್ಕಿದಾಗ ಅವಳು ಅತ್ತಿದ್ದು, ಅತ್ತೆಯೇ ಕೈ ತೊಳೆಸಿ ಸಮಾಧಾನ ಮಾಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅನುಪಮಾ: ಗಿರೀಶಣ್ಣ, ಆ ರಸ ಅರೆಜೀರ್ಣವಾದ ಎಲೆಯದು, ಇಲ್ಲಿರುವುದು ಹಿಂಗರುಳಿನ ವಿಷಯ. ಮೂಲವನ್ನು ನಾನೇ ಹೇಳುತ್ತೇನೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಡಿಲನ್ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಸಸ್ಯಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತುವಿನಿಂದ ಬರುವ ವ್ಯಾನಿಲಿಕ್ ಆಮ್ಲವನ್ನು ಮಿಡತೆಯ ಕರುಳಿನ ಪ್ಯಾಂಟೋಯಿಯಾ ಎಂಬ ಬ್ಯಾಕ್ಟೀರಿಯಾ ಗ್ವಾಯಕಾಲ್ ಎಂಬ ವಾಸನೆಯ ರಾಸಾಯನಿಕವಾಗಿ ಮಾರ್ಪಡಿಸುತ್ತದೆ. ಹಿಕ್ಕೆಯಿಂದ ಹೊಮ್ಮುವ ಈ ವಾಸನೆ, ಮಿಡತೆಗಳನ್ನು ಒಟ್ಟಿಗಿರಿಸುವ ಫೆರೊಮೋನಿನ, ಎಂದರೆ ಒಂದು ಕೀಟ ತನ್ನ ಜಾತಿಯ ಇತರ ಕೀಟಗಳಿಗೆ ಸಂಕೇತವಾಗಿ ಹೊಮ್ಮಿಸುವ ರಾಸಾಯನಿಕದ, ಒಂದು ಭಾಗ. ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಸಾಕಿದ ಮಿಡತೆಗಳ ಹಿಕ್ಕೆಯಲ್ಲಿ ಗ್ವಾಯಕಾಲ್ ಇರಲಿಲ್ಲ. ಪ್ಯಾಂಟೋಯಿಯಾವನ್ನು ಮರಳಿ ಸೇರಿಸಿದಾಗ ಅದೂ ಮರಳಿತು.

ಸುಮಾ ಅತ್ತೆ: ಅಂದಮೇಲೆ ಸಂದೇಶ ನಿಜವೇ ಆಯಿತಲ್ಲ. ಇಷ್ಟು ಹೊತ್ತು ನನ್ನನ್ನು ಎಲ್ಲರೆದುರು ಸುಳ್ಳುಗಾರ್ತಿ ಮಾಡಿದ್ದೇಕೆ?

ಅನುಪಮಾ: ಸುಳ್ಳುಗಾರ್ತಿ ಎಂದು ನಾನು ಬರೆದಿಲ್ಲ, ಅತ್ತೆ. ವಾಸನೆಯ ಮಾತು ನಿಜ, ಅದರಿಂದ ಎಳೆದ ತೀರ್ಮಾನ ತಪ್ಪು. ಮಳೆ ಬಂದು ಹಸಿರು ಹಬ್ಬಿದಾಗ ಮಿಡತೆಗಳು ಹೆಚ್ಚುತ್ತವೆ, ಹಸಿರು ಒಣಗುತ್ತ ಬಂದಂತೆ ಉಳಿದ ಚೂರುಪಾರು ಗಿಡಗಳ ಮೇಲೆ ಒತ್ತೊತ್ತಾಗಿ ಸೇರುತ್ತವೆ, ಆಗ ಹಿಂಗಾಲುಗಳಿಗೆ ಪದೇ ಪದೇ ತಾಗುವ ಸ್ಪರ್ಶದಿಂದಲೇ ಅವುಗಳ ನಡವಳಿಕೆ ಬದಲಾಗುತ್ತದೆ. ಈ ಬದಲಾವಣೆಯಲ್ಲಿ ಸೆರೊಟೊನಿನ್ ಎಂಬ ನರಮಂಡಲದ ರಾಸಾಯನಿಕದ ಪಾತ್ರ 2009ರಲ್ಲಿ ತಿಳಿದುಬಂತು. ಗ್ವಾಯಕಾಲ್ ಒಂದನ್ನೇ ತೆಗೆದರೆ ಹಿಂಡು ಒಡೆಯುತ್ತದೆಂದು ಆ ಪ್ರಬಂಧ ಹೇಳುವುದಿಲ್ಲ. ಇನ್ನು ‘ನೇಚರ್’ನಲ್ಲಿ ಅಚ್ಚಾದದ್ದನ್ನು ಮುಚ್ಚಿಟ್ಟಿದ್ದಾರೆ ಎನ್ನುವುದು ಹೇಗೆ?

ಅನುಪಮಾ: ದೊಡ್ಡಪ್ಪ, ನಿಮ್ಮ ಮಾತಿಗೂ ಒಂದು ತಿದ್ದುಪಡಿ. 124 ಜಾತಿಯ ಕಂಬಳಿಹುಳುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವುಗಳ ಕರುಳಿನಲ್ಲಿ ನೆಲೆಯೂರಿದ ಬ್ಯಾಕ್ಟೀರಿಯಾಗಳು ಇಲ್ಲವೆನ್ನುವಷ್ಟು ಕಡಿಮೆ. ಎಲೆ ತಿನ್ನುವ ಕೀಟಗಳೆಲ್ಲ ಒಂದೇ ಬಗೆಯಲ್ಲಿ ಬದುಕುವುದಿಲ್ಲ.

ಶ್ರೀನಿವಾಸ ದೊಡ್ಡಪ್ಪ: ನಾನು ಹೇಳಿದ್ದು ಬಾಳಿನ ಮಾತು, ಪ್ರಯೋಗಾಲಯದ್ದಲ್ಲ. ಹಿರಿಯರನ್ನು ತಿದ್ದುವಾಗ ದನಿ ಸ್ವಲ್ಪ ತಗ್ಗಿರಬೇಕೆಂದು ಹೋದ ಸಲವೂ ಹೇಳಿದ್ದೆ.

ರಾಜೀವ ಮಾವ: ಉದ್ದುದ್ದ ಬರಹ ಓದಲಾಗುತ್ತಿಲ್ಲ. ಆಂಟಿಬಯೋಟಿಕ್ ಸಿಂಪಡಿಸಬೇಕೋ ಬೇಡವೋ, ಅಷ್ಟು ಹೇಳಮ್ಮ.

ಅನುಪಮಾ: ಬೇಡ, ಮಾವ. ಒಂದು ಚದರ ಕಿಲೋಮೀಟರಿನ ಹಿಂಡಿನಲ್ಲಿ 4 ಕೋಟಿಯಿಂದ 8 ಕೋಟಿ ಮಿಡತೆಗಳಿರುತ್ತವೆ. ಅಷ್ಟಕ್ಕೂ ತಾಗುವಂತೆ ಸುರಿದ ಔಷಧ ಮಣ್ಣಿಗೂ ಇಳಿಯುತ್ತದೆ, ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ, ಮಿಡತೆಯಲ್ಲದ ಕೀಟಗಳನ್ನೂ ಮುಟ್ಟುತ್ತದೆ. ನನಗೆ ಹೆಚ್ಚು ಕಳವಳ ಗೆದ್ದಲುಗಳದ್ದು. ಒಣಹುಲ್ಲು, ಸತ್ತ ಕಡ್ಡಿಗಳಲ್ಲಿ ಸಾರಜನಕ ತೀರ ಕಡಿಮೆ. ಗೆದ್ದಲಿನ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಗಾಳಿಯಿಂದಲೇ ಹಿಡಿದುಕೊಡುತ್ತವೆ ಎಂಬುದು 1973ರಿಂದ ಗೊತ್ತಿದೆ. ಮಿಡತೆ ತನ್ನ ಬ್ಯಾಕ್ಟೀರಿಯಾಗಳಿಲ್ಲದೆಯೂ ಬೆಳೆಯಬಲ್ಲದು, ಗೆದ್ದಲಿಗೆ ಅದು ಸಾಧ್ಯವಿಲ್ಲ. ಒಣನಾಡಿನಲ್ಲಿ ಸತ್ತ ಸಸ್ಯವನ್ನು ಮಣ್ಣಿಗೆ ಮರಳಿಸುವ ಕೆಲಸದ ಬಹುಪಾಲು ಅವುಗಳದೇ.

ಸುಮಾ ಅತ್ತೆ: ಹಾಗಾದರೆ ವಿಷವೇ ಗತಿಯೇ? ನನ್ನ ಚಿಂತೆ ಇದ್ದದ್ದು ಅದೊಂದೇ, ಅದಕ್ಕೆ ಯಾರೂ ಉತ್ತರಿಸಲಿಲ್ಲ.

ಅನುಪಮಾ: ನಿಮ್ಮ ಚಿಂತೆ ಸರಿಯಾದದ್ದೇ, ಅತ್ತೆ. ಮೆಟಾರೈಜಿಯಂ ಎಂಬ ಶಿಲೀಂಧ್ರ ಮಿಡತೆಗಳನ್ನು ಕೊಲ್ಲುತ್ತದೆ; 2020ರ ಹಾವಳಿಯಲ್ಲಿ ಸೊಮಾಲಿಯಾ ಅದನ್ನೇ ಬಳಸಿತು. ಕೊಲ್ಲಲು ವಾರ ಎರಡು ವಾರ ಹಿಡಿಯುವುದರಿಂದ ಬೆಳೆಯ ಮೇಲೆ ಕುಳಿತ ಹಿಂಡಿಗಿಂತ, ಇನ್ನೂ ರೆಕ್ಕೆ ಬಾರದ ಮರಿಗಳ ಮೇಲೆ ಅದು ಹೆಚ್ಚು ಉಪಯುಕ್ತ. ಕರುಳಿನ ಬ್ಯಾಕ್ಟೀರಿಯಾಗಳು ಈ ಶಿಲೀಂಧ್ರವನ್ನು ತಡೆಯುವ ರಾಸಾಯನಿಕಗಳನ್ನೂ ತಯಾರಿಸುತ್ತವೆ. ಬ್ಯಾಕ್ಟೀರಿಯಾಗಳಿಲ್ಲದ ಮಿಡತೆಗಳಲ್ಲಿ ಅದು ಕರುಳಿನ ಮೂಲಕವೂ ಒಳನುಗ್ಗಿತೆಂದು ಬಾತ್‌ನ ತಂಡದವರೇ ಹಿಂದೆ ತೋರಿಸಿದ್ದರು.

ಸುಮಾ ಅತ್ತೆ: ಈ ಶಿಲೀಂಧ್ರದ ಮಾತನ್ನು ಮೊದಲೇ ಹೇಳಬಹುದಿತ್ತು. ಇದನ್ನಷ್ಟೇ ಬೇರೆಯಾಗಿ ಬರೆದು ಕಳಿಸು. ಆ ಸಂದೇಶ ಹೋದ ಕಡೆಗೆಲ್ಲ ಇದನ್ನೂ ಕಳಿಸುತ್ತೇನೆ.