ಆದಾಯ ತೆರಿಗೆ ತೆಗೆದು ಬಳಕೆಯ ಮೇಲೆ ಮಾತ್ರ ತೆರಿಗೆ ಹಾಕಿದರೆ ಆಗುವುದಿಲ್ಲವೇ?

ಪ್ರಶ್ನೆ: ನರಸಾಪುರದ ಉದ್ಯೋಗಿ

ಎಲ್ಲರಿಗೂ ನಮಸ್ಕಾರ. ನಾನು ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಸಂಬಳ ವರ್ಷಕ್ಕೆ 16 ಲಕ್ಷ 80 ಸಾವಿರ ರೂಪಾಯಿ. 2025-26ನೇ ಸಾಲಿಗೆ ಹೊಸ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೂ ಸೆಸ್ ಸೇರಿ ಸುಮಾರು 1 ಲಕ್ಷ 26 ಸಾವಿರ ತೆರಿಗೆ ಬರುತ್ತದೆ. ತಿಂಗಳಿಗೆ ಸುಮಾರು 10,500 ರೂಪಾಯಿ ನನ್ನ ಕೈ ಸೇರುವ ಮೊದಲೇ ಟಿಡಿಎಸ್ ಆಗಿ ಹೋಗುತ್ತದೆ. ಉಳಿದದ್ದರಲ್ಲಿ ಏನು ಕೊಂಡರೂ ಮತ್ತೆ ಜಿಎಸ್‌ಟಿ ಕಟ್ಟಬೇಕು. ಟೊಮೆಟೊ ಬೆಲೆ ಏರಿದ ವರ್ಷ ನಮ್ಮೂರಿನಲ್ಲೇ ಲಕ್ಷಗಟ್ಟಲೆ ಎಣಿಸಿದ ಬೆಳೆಗಾರರು, ಅದು ಕೃಷಿ ಆದಾಯವಾದ್ದರಿಂದ, ಒಂದು ರೂಪಾಯಿ ಆದಾಯ ತೆರಿಗೆಯನ್ನೂ ಕಟ್ಟಬೇಕಿಲ್ಲ.

ಅಮೆರಿಕದಲ್ಲಿ ‘ಫೇರ್ ಟ್ಯಾಕ್ಸ್’ ಎಂಬ ಮಸೂದೆ 1999ರಿಂದ ಅಲ್ಲಿನ ಸಂಸತ್ತಿನ ಮುಂದೆ ಮತ್ತೆ ಮತ್ತೆ ಬರುತ್ತಿದೆ. ಆದಾಯ ತೆರಿಗೆಯನ್ನೂ ಕಂಪನಿ ತೆರಿಗೆಯನ್ನೂ ತೆಗೆದು ಚಿಲ್ಲರೆ ಮಾರಾಟದ ಮೇಲೆ ಶೇಕಡಾ 23ರ ಒಂದೇ ತೆರಿಗೆ ಹಾಕುವುದು, ಬಡವರಿಗೆ ಹೊರೆಯಾಗದಂತೆ ಪ್ರತಿ ಕುಟುಂಬಕ್ಕೂ ತಿಂಗಳಿಗಿಷ್ಟು ಹಣ ಮರಳಿಸುವುದು ಅದರ ತಿರುಳು. ಖರ್ಚು ಮಾಡಿದವನು ತೆರಿಗೆ ಕಟ್ಟಲಿ, ಉಳಿಸಿದವನನ್ನು ಬಿಡಲಿ ಎಂಬುದು ನನಗೆ ನ್ಯಾಯವಾಗಿ ಕಾಣುತ್ತದೆ. ನಮ್ಮಲ್ಲಿ ಇದು ಯಾಕೆ ಆಗಬಾರದು?

ಉತ್ತರ 1: ತೆರಿಗೆ ಸಲಹೆಗಾರ, ಕೋಲಾರ

ಸರ್, ಮೊದಲು ಆ 23ರ ಲೆಕ್ಕವನ್ನು ಬಿಡಿಸಿಕೊಳ್ಳೋಣ. 77 ರೂಪಾಯಿ ಸರಕಿಗೆ 23 ರೂಪಾಯಿ ತೆರಿಗೆ ಸೇರಿ 100 ಆದಾಗ, ಆ ನೂರರಲ್ಲಿ 23 ಎಂದು ಅವರು ಹೇಳುತ್ತಾರೆ. ನಾವು ಜಿಎಸ್‌ಟಿ ಲೆಕ್ಕ ಹಾಕುವ ರೀತಿಯಲ್ಲಿ, ಅಂದರೆ ಸರಕಿನ ಬೆಲೆಯ ಮೇಲೆ ಹಾಕಿದರೆ, ಅದು ಹತ್ತಿರಹತ್ತಿರ ಶೇಕಡಾ 30.

ನಮ್ಮ ದೇಶದಲ್ಲಿ 2024-25ರ ಒಟ್ಟು ಜಿಎಸ್‌ಟಿ ಸಂಗ್ರಹ 22.08 ಲಕ್ಷ ಕೋಟಿ ರೂಪಾಯಿ. ವೈಯಕ್ತಿಕ ಆದಾಯ ತೆರಿಗೆಯಿಂದ ಬಂದದ್ದು 11 ಲಕ್ಷ ಕೋಟಿಗೂ ಹೆಚ್ಚು. ಕಂಪನಿ ತೆರಿಗೆಯನ್ನು ಹಾಗೇ ಬಿಟ್ಟು, ವೈಯಕ್ತಿಕ ತೆರಿಗೆಯೊಂದನ್ನೇ ತೆಗೆದರೂ ಜಿಎಸ್‌ಟಿ ಒಂದೂವರೆ ಪಟ್ಟಾಗಬೇಕು. ಸ್ಥೂಲವಾಗಿ ಹೇಳುವುದಾದರೆ ಇಂದು ಶೇಕಡಾ 18 ಇರುವ ವಸ್ತು 27ಕ್ಕೆ ಏರುತ್ತದೆ. ಅಷ್ಟು ತೆರಿಗೆ ಇದ್ದಾಗ ಬಿಲ್ಲಿಲ್ಲದೆ ಮಾರುವ ಆಸೆ ಎಷ್ಟು ಹೆಚ್ಚುತ್ತದೆ ಎಂಬುದನ್ನು ದಿನವೂ ಅಂಗಡಿಗಳ ಲೆಕ್ಕ ನೋಡುವ ನಾನು ಬಲ್ಲೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹೋದಾಗ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ನಗದು ಮಾತ್ರ ಎಂದು ಬೋರ್ಡು ಹಾಕಿದ್ದವು.

ಉತ್ತರ 2: ಟೊಮೆಟೊ ಬೆಳೆಗಾರ್ತಿ, ಮುಳಬಾಗಿಲು ತಾಲ್ಲೂಕು

ತಮ್ಮಾ, ಬೇಸರ ಮಾಡಿಕೊಳ್ಳಬೇಡಿ. ಬೆಲೆ ಏರಿದ ವರ್ಷವನ್ನು ನೀವು ನೋಡಿದ್ದೀರಿ. ಕೊಯ್ಯುವ ಕೂಲಿಯೂ ಹುಟ್ಟದೆ ಹಣ್ಣನ್ನು ಹೊಲದಲ್ಲೇ ಬಿಟ್ಟ ವರ್ಷಗಳನ್ನೂ ನಾವು ಕಂಡಿದ್ದೇವೆ.

ಈಗ ನನ್ನ ಮುಂದೆ ಟೊಮೆಟೊ ಗಿಡದ ಅಂಗಮಾರಿ ರೋಗಕ್ಕೆ ತಂದ ಔಷಧಿಯ ಬಿಲ್ಲಿದೆ. ಔಷಧಿಗೆ 1,000 ರೂಪಾಯಿ, ಕೇಂದ್ರದ ಪಾಲಿನ ಸಿಜಿಎಸ್‌ಟಿ 90, ರಾಜ್ಯದ ಪಾಲಿನ ಎಸ್‌ಜಿಎಸ್‌ಟಿ 90, ಒಟ್ಟು 1,180. ಮಳೆ ಹಿಡಿದರೆ ಇಂಥ ಬಿಲ್ಲು ವಾರಕ್ಕೊಂದು ಬರುತ್ತದೆ. ಔಷಧಿ ಅಂಗಡಿಯವರು ತಾವು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ನಮಗೆ ಆ ದಾರಿಯಿಲ್ಲ, ಏಕೆಂದರೆ ತಾಜಾ ಟೊಮೆಟೊಗೆ ಜಿಎಸ್‌ಟಿ ಇಲ್ಲ, ಕಳೆಯುವುದಕ್ಕೆ ಮುಂದೆ ಏನೂ ಇಲ್ಲ. ಬೆಲೆಯ ಮೇಲೆ ಹಾಕೋಣವೆಂದರೆ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸಿಗೆ ಹರಾಜಿನಲ್ಲಿ ಕೂಗಿದ್ದೇ ಬೆಲೆ. ನನ್ನ ಔಷಧಿಯ ಬಿಲ್ಲನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಆ 180 ರೂಪಾಯಿ ನನ್ನ ತಲೆಯ ಮೇಲೆಯೇ ಉಳಿಯುತ್ತದೆ. ಸಲಹೆಗಾರರು ಹೇಳಿದಂತೆ 27 ಆದರೆ ಅದು 270 ಆಗುತ್ತದೆ. ಆದಾಯ ತೆರಿಗೆ ಕಟ್ಟದವರು ತೆರಿಗೆಯನ್ನೇ ಕಟ್ಟುವುದಿಲ್ಲ ಎಂಬ ಮಾತು ನನಗೆ ನಿಜವಾಗಿಯೂ ನೋವು ಕೊಡುತ್ತದೆ.

ಇನ್ನು ಮನೆಯ ಲೆಕ್ಕ. ನಮಗೆ ಸರಾಸರಿ ತಿಂಗಳಿಗೆ 20 ಸಾವಿರ ಉಳಿದರೆ 20 ಸಾವಿರವೂ ಖರ್ಚಾಗುತ್ತದೆ. ನಿಮ್ಮದು ಅರ್ಧದಷ್ಟು ಉಳಿತಾಯಕ್ಕೆ ಹೋಗಬಹುದು. ಖರ್ಚಿನ ಮೇಲೆ ಮಾತ್ರ ತೆರಿಗೆಯಾದರೆ ನಿಮ್ಮ ಅರ್ಧ ಗಳಿಕೆ ಅದರಿಂದ ಹೊರಗೆ, ನಮ್ಮ ಗಳಿಕೆ ಪೂರ್ತಿ ಒಳಗೆ.

ಉತ್ತರ 3: ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ಕೋಲಾರ

ಖರ್ಚಿನ ಮೇಲೆ ತೆರಿಗೆ ಎಂಬುದನ್ನು ನಮ್ಮ ದೇಶ ಒಮ್ಮೆ ಬೇರೆ ರೂಪದಲ್ಲಿ ಮಾಡಿ ನೋಡಿದೆ. ಕೇಂಬ್ರಿಡ್ಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ 1956ರಲ್ಲಿ ಕೊಟ್ಟ ವರದಿಯನ್ನು ಅನುಸರಿಸಿ ವೆಚ್ಚ ತೆರಿಗೆ ಕಾಯ್ದೆ 1957ರಲ್ಲಿ ಬಂದಿತು, 1958ರ ಏಪ್ರಿಲ್‌ನಿಂದ ಜಾರಿಯಾಯಿತು. ಅದು ಅಂಗಡಿಯಲ್ಲಿ ಎಲ್ಲರಿಂದ ಒಂದೇ ದರದಲ್ಲಿ ವಸೂಲಿ ಮಾಡುವ ತೆರಿಗೆಯಾಗಿರಲಿಲ್ಲ. ಶ್ರೀಮಂತರ ವಾರ್ಷಿಕ ಖರ್ಚು ಏರಿದಂತೆ ದರವೂ ಏರುತ್ತಿತ್ತು. ತಾತ್ವಿಕವಾಗಿ ನಾನು ಇಂದಿಗೂ ಅದನ್ನು ಮೆಚ್ಚುತ್ತೇನೆ. ಆದರೆ ಬಂದ ಹಣ ಅತ್ಯಲ್ಪ. 1962ರಲ್ಲಿ ಕೈಬಿಟ್ಟರು, 1964ರಲ್ಲಿ ಮತ್ತೆ ತಂದರು, 1966ರಲ್ಲಿ ಪೂರ್ತಿ ತೆಗೆದರು. ಒಬ್ಬನ ವರ್ಷದ ಖರ್ಚನ್ನು ತಿಳಿಯಬೇಕಾದರೆ ಅವನ ಆದಾಯವನ್ನೂ ಉಳಿತಾಯವನ್ನೂ ಮೊದಲು ತಿಳಿಯಲೇಬೇಕಾಗಿದ್ದರಿಂದ ಆದಾಯದ ಕಡತ ಮುಚ್ಚುವ ಬದಲು ಇನ್ನೊಂದು ಕಡತ ತೆರೆಯಬೇಕಾಯಿತು.

ಪ್ರಶ್ನೆ ಕೇಳಿದವರ ಅಸಮಾಧಾನದಲ್ಲಿ ಒಂದು ನಿಜವಿದೆ. ಕೃಷಿ ಆದಾಯದ ತೆರಿಗೆ ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ 46ನೇ ನಮೂದು, ಕೇಂದ್ರದ ವ್ಯಾಪ್ತಿಗೆ ಅದು ಬರುವುದಿಲ್ಲ. ಭಾರಿ ಗಳಿಕೆಯ ಜಮೀನುದಾರರ ಪ್ರಶ್ನೆಯನ್ನು ಎತ್ತಬೇಕಾದದ್ದು ವಿಧಾನಸಭೆಯ ಮುಂದೆ. ಅದಕ್ಕಾಗಿ ಇಡೀ ಆದಾಯ ತೆರಿಗೆಯನ್ನು ಕಿತ್ತುಹಾಕಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಅಕ್ಕಾ, ನಿಮ್ಮ ಬಿಲ್ಲನ್ನು ಓದಿ ನನ್ನ ಮನೆಯ ಲೆಕ್ಕವನ್ನು ರಾತ್ರಿ ಕುಳಿತು ಹಾಕಿದೆ. ಮನೆ ಬಾಡಿಗೆಗೂ ಮಗಳ ಶಾಲಾ ಶುಲ್ಕಕ್ಕೂ ಜಿಎಸ್‌ಟಿ ಇಲ್ಲ. ತೆರಿಗೆ ಬೀಳುವ ನನ್ನ ಖರ್ಚು ತಿಂಗಳಿಗೆ ಸುಮಾರು 30 ಸಾವಿರ. ಎಲ್ಲದಕ್ಕೂ ಶೇಕಡಾ 9 ಹೆಚ್ಚಾದರೂ ನಾನು ಕಟ್ಟುವುದು 2,700 ಹೆಚ್ಚು, ಉಳಿಯುವುದು 10,500. ಆ 7,800 ರೂಪಾಯಿ ನಿಮ್ಮ ಬಿಲ್ಲಿನಂಥ ಬಿಲ್ಲುಗಳಿಂದಲೇ ಬರಬೇಕು ಎಂಬುದನ್ನು ನಾನು ಯೋಚಿಸಿರಲಿಲ್ಲ. ತೆರಿಗೆಯನ್ನೇ ಕಟ್ಟುವುದಿಲ್ಲ ಎಂಬ ಅರ್ಥ ಬರುವಂತೆ ಬರೆದದ್ದಕ್ಕೆ ಕ್ಷಮಿಸಿ.

ಸಲಹೆಗಾರರಲ್ಲಿ ಒಂದು ಕೇಳಬೇಕಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್, ಹನಿ ನೀರಾವರಿ ಉಪಕರಣಗಳ ದರ 12ರಿಂದ 5ಕ್ಕೆ ಇಳಿದಿರುವಾಗ ರಾಸಾಯನಿಕ ಕೀಟನಾಶಕಗಳನ್ನು 18ರಲ್ಲೇ ಉಳಿಸಿದ್ದಕ್ಕೆ ಏನು ಕಾರಣ?